ಸೂರ್ಯಕಾಂತಿ ಹೊಲದಲ್ಲಿ ಪಿ.ಟಿ. ಮೇಡಂ

ಅವರ ಎಡಗೈಯ ಕಿರುಬೆರಳು ಮಿಕ್ಕ ಬೆರಳುಗಳ ಜೊತೆ ಸೇರುತ್ತಿರಲಿಲ್ಲ. ಯಾವುದೋ ಕಾಲದ ಥ್ರೋಬಾಲ್ ಪಂದ್ಯದಲ್ಲಿ ಮುರಿದು, ನಾಟಿ ವೈದ್ಯರ ಕಟ್ಟಿನಲ್ಲಿ ಸೊಟ್ಟಗೆ ಕೂಡಿಕೊಂಡಿದ್ದ ಆ ಬೆರಳು ಅವರು ಕೈ ಮುಗಿದಾಗಲೆಲ್ಲ ಹೊರಕ್ಕೆ ಚಾಚಿಕೊಳ್ಳುತ್ತಿತ್ತು. ಮಂಡಿಯ ಸಾಹುಕಾರರಾಗಲಿ, ತಾಲ್ಲೂಕು ಕಚೇರಿಯ ಅಧಿಕಾರಿಯಾಗಲಿ, ಅವರ ನಮಸ್ಕಾರಕ್ಕೆ ತಿರುಗಿ ಕೈ ಮುಗಿಯುವ ಮೊದಲೇ ಆ ಬೆರಳನ್ನು ನೋಡುತ್ತಿದ್ದರು. "ಏನಾಯ್ತು ಮೇಡಂ ಬೆರಳಿಗೆ?" ಎಂದು ಕೇಳಿಯೇ ಕೇಳುತ್ತಿದ್ದರು. ಮೇಡಂ ಕೂತು ಪಂದ್ಯದ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದರು. "ಆಮೇಲೆ ಗೆದ್ರಾ?" ಅಂದರೆ, "ಎಲ್ಲಿ ಗೆಲ್ಲದು, ಬೆರಳೂ ಹೋಯ್ತು, ಕಪ್ಪೂ ಹೋಯ್ತು" ಎಂದು ಜೋರಾಗಿ ನಗುತ್ತಿದ್ದರು. ಅಷ್ಟರಲ್ಲಿ ಟೀ ಬಂದಿರುತ್ತಿತ್ತು. ನಾವು ಬಂದ ಕೆಲಸದ ಮಾತು ಆಮೇಲೆ ಶುರುವಾಗುತ್ತಿತ್ತು.

ಗುಂಡ್ಲುಪೇಟೆ ಸುತ್ತಿನ ಸರ್ಕಾರಿ ಹೈಸ್ಕೂಲುಗಳಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ಎಲ್ಲರಿಗೂ ಅವರು ಪಿ.ಟಿ. ಮೇಡಂ. ನಿವೃತ್ತಿಯಾದ ಮೇಲೆ ಗುಂಡ್ಲುಪೇಟೆಯ ಒಂದು ಪುಟ್ಟ ಟ್ರಸ್ಟಿನ ಜೊತೆ ಸೇರಿಕೊಂಡರು. ಹುಟ್ಟಿನಿಂದ ಕೈಕಾಲಿನ ಮೇಲೆ ಹಿಡಿತವಿಲ್ಲದ ಮಕ್ಕಳಿಗೆ ಆ ಟ್ರಸ್ಟು ಬಾಡಿಗೆ ಮನೆಯೊಂದರಲ್ಲಿ ಹಗಲು ಕೇಂದ್ರ ನಡೆಸುತ್ತಿತ್ತು. ಬೆಳಿಗ್ಗೆ ವ್ಯಾನಿನಲ್ಲಿ ಹಳ್ಳಿಗಳಿಂದ ಮಕ್ಕಳನ್ನು ಕರೆತಂದು, ವ್ಯಾಯಾಮ ಮಾಡಿಸಿ, ಪಾಠ ಹೇಳಿ, ಊಟ ಹಾಕಿ, ಸಂಜೆ ಮನೆ ಮುಟ್ಟಿಸುತ್ತಿದ್ದರು. ಇದಕ್ಕೆಲ್ಲ ಬೇಕಾದ ಹಣ ತರುವುದು ಮೇಡಂ ಕೆಲಸ. ಸಂಬಳವಿಲ್ಲದ ಕೆಲಸ.

ನಾನು ಆಗ ಚಾಮರಾಜನಗರದಲ್ಲಿ ಎಂ.ಎಸ್.ಡಬ್ಲ್ಯೂ ಓದುತ್ತಿದ್ದೆ. ಇಂಟರ್ನ್‌ಶಿಪ್ಪಿಗೆ ಈ ಕೇಂದ್ರ ಸಿಕ್ಕಿದಾಗ ಮಕ್ಕಳ ಜೊತೆ, ಅವರ ತಾಯಂದಿರ ಜೊತೆ ಕೂತು ಮಾತಾಡುವ ಕೆಲಸ ಎಂದುಕೊಂಡಿದ್ದೆ. ಕಾಲೇಜಿನ ಗೈಡು ನನ್ನ ಹೆಸರಿನ ಮುಂದೆ 'ನಿಧಿ ಸಂಗ್ರಹ' ಎಂದು ಬರೆದುಬಿಟ್ಟರು. ಗೆಳತಿಯರು, "ಚಂದಾ ಎತ್ತೋ ಕೆಲ್ಸ ಕಣೇ ನಿಂಗೆ" ಎಂದು ನಕ್ಕರು. ಬೆಳಗಿನ ಬಸ್ಸು ಹಿಡಿದು, ತೆರಕಣಾಂಬಿ ದಾಟಿ ಗುಂಡ್ಲುಪೇಟೆಯಲ್ಲಿ ಇಳಿದಾಗ ನನ್ನ ಮುಖ ಸಪ್ಪಗೇ ಇದ್ದಿರಬೇಕು.

ಕೇಂದ್ರದ ಅಂಗಳದಲ್ಲಿ ನಿಂತು ಹೆಸರು ಹೇಳಿದೆ. ಮೇಡಂ ಕಿವಿಗೆ ಕೈ ಹಿಡಿದರು.

"ಕೇಳ್ನಿಲ್ಲ ಕೂಸೆ. ಅಲ್ಲಿ ತೆಂಗಿನ ಮರದತ್ರ ಹೋಗಿ ನೆಟ್ಟಗೆ ನಿಂತ್ಕ. ಅಲ್ಲಿಂದ ಹೇಳು."

ಹೋಗಿ ನಿಂತೆ. ಹೇಳಿದೆ. ಇನ್ನೂ ಜೋರು ಅಂದರು. ಮತ್ತೆ ಹೇಳಿದೆ. ಕೊನೆಗೆ ಕಾಂಪೌಂಡಿನ ಆಚೆ ಪಾತ್ರೆ ಬೆಳಗುತ್ತಿದ್ದ ಹೆಂಗಸು ಎದ್ದು ನಿಂತು, "ನಂಗೆ ಕೇಳ್ತು ಕಣವ್ವ, ಯಾರ ಮಗ್ಳು ನೀನು?" ಅಂದಳು. ಮೇಡಂಗೆ ಅಷ್ಟು ಸಾಕಾಯಿತು. "ಬಾ, ಬಜಾರಕ್ಕೆ ಹೋಗನ" ಎಂದು ಚೀಲ ಹೆಗಲಿಗೇರಿಸಿದರು.

ಅವರ ಚೀಲದಲ್ಲಿ ಯಾವಾಗಲೂ ಒಂದಿಷ್ಟು ಕಡ್ಲೆಪುರಿ, ನೀರಿನ ಬಾಟಲು, ರಸೀದಿ ಪುಸ್ತಕ, ಹಳೆಯ ವಿಷಲ್ಲು. ನಡಿಗೆ ಮಾತ್ರ ಪೆರೇಡಿನದು. ನಾನು ಹಿಂದೆ ಹಿಂದೆ ಓಡಬೇಕಿತ್ತು. ಓಡುತ್ತಲೇ ಕಲಿತೆ. ಬೋಣಿಯಾಗುವ ಮೊದಲು ಯಾರ ಅಂಗಡಿಯ ಮೆಟ್ಟಿಲನ್ನೂ ಹತ್ತಬಾರದು. ಗಿರಾಕಿ ನಿಂತಿದ್ದರೆ ಬಾಯಿ ಬಿಡಬಾರದು. ಕೊಟ್ಟವರ ಬಳಿ ಮತ್ತೆ ಕೇಳಲು ಹೋಗುವ ಮೊದಲು, ಕೊಟ್ಟಿದ್ದು ಏನಾಯಿತು ಎಂದು ಹೇಳುವುದಕ್ಕೇ ಒಂದು ಸಲ ಹೋಗಿರಬೇಕು. ಎಲ್ಲಕ್ಕಿಂತ ಕಷ್ಟದ್ದು ಇನ್ನೊಂದಿತ್ತು. "ಕೇಳಾದ್ಮೇಲೆ ಬಾಯಿ ಮುಚ್ಕಂಡಿರು. ನೀನೇ ಮಾತಾಡ್ತಾ ಇದ್ರೆ ಅವ್ರು ಯೋಚ್ನೆ ಮಾಡದು ಯಾವಾಗ?"

ಚಾಮರಾಜನಗರದ ಅರಿಶಿನ ಮಂಡಿಯೊಂದರಲ್ಲಿ ನಾನು ಮೊದಲ ಸಲ ಬಾಯಿಬಿಟ್ಟು ಕೇಳಿದೆ. ಸಾಹುಕಾರರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದರು, ಒರೆಸುತ್ತಲೇ ಇದ್ದರು. ನನಗೆ ತಡೆಯಲಾಗಲಿಲ್ಲ. "ಇಲ್ಲಾಂದ್ರೆ ಪರವಾಗಿಲ್ಲ..." ಎಂದು ಶುರುಮಾಡುವಷ್ಟರಲ್ಲಿ ಮೇಡಂ ನನ್ನ ಕಾಲು ತುಳಿದರು. ಜೋರಾಗಿಯೇ ತುಳಿದರು. ಸಾಹುಕಾರರು ಕನ್ನಡಕ ಹಾಕಿಕೊಂಡು ಗಲ್ಲಾ ಪೆಟ್ಟಿಗೆ ತೆಗೆದರು. ಹೊರಗೆ ಬಂದ ಮೇಲೆ, "ನೋಯ್ತಾ?" ಅಂದರು. ಹೌದು ಅಂದೆ. "ಒಳ್ಳೇದಾಯ್ತು, ಗೆಪ್ತಿ ಇರ್ತದೆ."

ಒಂದು ಪದವನ್ನು ಮಾತ್ರ ಅವರು ಎಂದೂ ಬಳಸುತ್ತಿರಲಿಲ್ಲ. ಯಾರಾದರೂ "ಅಯ್ಯೋ ಪಾಪ, ಆ ಮಕ್ಕಳು" ಎಂದರೆ, "ಪಾಪ ಯಾಕೆ? ನಿನ್ನೆ ಒಬ್ಬ ಮೊದಲ್ನೇ ಸಲ ತಾನೇ ಚಮಚ ಇಡ್ಕಂಡು ಅನ್ನ ತಿಂದ. ಅರ್ಧ ನನ್ ಸೀರೆ ಮೇಲೇ ಹಾಕ್ದ. ಬಂದು ನೋಡಿ" ಎನ್ನುತ್ತಿದ್ದರು. ಕೆಲವರು ನಿಜಕ್ಕೂ ಬಂದು ನೋಡುತ್ತಿದ್ದರು.

ನಾನು ಅಂಗಡಿ ಅಂಗಡಿ ಸುತ್ತುವ ಸುದ್ದಿ ನಮ್ಮೂರು ಹರದನಹಳ್ಳಿಗೆ ಮುಟ್ಟಲು ತಡವಾಗಲಿಲ್ಲ. ದಿನಾ ಬೈಕಿನಲ್ಲಿ ಚಾಮರಾಜನಗರಕ್ಕೆ ಓಡಾಡುವ ಯಾರೋ ನೋಡಿ ಅಪ್ಪನ ಕಿವಿಗೆ ಹಾಕಿದ್ದರು. ಅಪ್ಪ ಹೊಲದಿಂದ ಬಂದವರು ಕೈಕಾಲು ಕೂಡ ತೊಳೆಯಲಿಲ್ಲ.

"ನಮ್ಮನೇಲಿ ದಾಸೋಹಕ್ಕೆ ಕೊಟ್ಟೋರವ್ರೆ, ಇನ್ನೊಬ್ರ ಮುಂದೆ ಕೈ ಒಡ್ದೋರಿಲ್ಲ ಕಣಮ್ಮಿ. ಇಷ್ಟೆಲ್ಲ ಓದ್ಸಿದ್ದು ಚಂದಾ ಎತ್ತಕ್ಕಾ? ನಾಳಿಂದ ಹೋಗ್ಬ್ಯಾಡ."

ಮೇಡಂಗೆ ಫೋನ್ ಮಾಡಿ, ಇನ್ನು ಬರಲಾಗುವುದಿಲ್ಲ ಅಂದೆ. ಯಾಕೆಂದು ಕೇಳಿದರು, ಹೇಳಿದೆ. ಅವರು ಸಮಾಧಾನ ಹೇಳಲಿಲ್ಲ, ಉಪದೇಶ ಮಾಡಲಿಲ್ಲ. "ನಿಮ್ಮೂರಿಗೆ ಬೆಳಿಗ್ಗೆ ಬಸ್ ಎಷ್ಟೊತ್ಗೆ?" ಎಂದಷ್ಟೇ ಕೇಳಿದರು.

ಮಾರನೆಯ ದಿನ ಬಂದೇಬಿಟ್ಟರು. ಅಪ್ಪ ಮರ್ಯಾದಸ್ಥರು. ಜಗಲಿಯ ಮೇಲೆ ಚಾಪೆ ಹಾಸಿಸಿ ಕೂರಿಸಿದರು. ಮೇಡಂ ಬಿತ್ತನೆಗಡ್ಡೆ ಎಲ್ಲಿಂದ ತಂದಿರಿ, ಕೊಳೆರೋಗ ಬಂತೇ, ಬೇಯಿಸುವುದಕ್ಕೆ ಆಳು ಸಿಕ್ಕಿದರೇ ಎಂದು ನಮ್ಮ ಹೊಲದ ಅರಿಶಿನದ ಮಾತನ್ನೇ ಆಡಿದರು. ಅಪ್ಪನ ಬಿಗುವು ಸ್ವಲ್ಪ ಸಡಿಲವಾಯಿತು. ಆಗ ಮೇಡಂ ಕೇಳಿದರು:

"ನಿಮ್ ಮಗ್ಳು ಕೇಂದ್ರಕ್ಕೆ ಅಂತ ನಿಮ್ಮತ್ರ ಏನಾರ ಕೇಳದ್ಲಾ?"

"ಇಲ್ಲ," ಅಂದರು ಅಪ್ಪ.

"ಅದಕ್ಕೇ ನಿಮ್ಗೆ ಕ್ವಾಪ. ಊರೋರ್ನೆಲ್ಲ ಕೇಳ್ಬುಟ್ಟು ಮನೇಲಿ ಕೇಳ್ನಿಲ್ಲ ಇವ್ಳು. ತಪ್ಪಲ್ವಾ?" ಎಂದು ನನ್ನ ಕಡೆ ತಿರುಗಿದರು. "ಕೇಳವ್ವ."

ಅವ್ವ ಬಾಗಿಲಿನಲ್ಲಿ ಕಾಫಿ ಲೋಟ ಹಿಡಿದು ಹಾಗೇ ನಿಂತುಬಿಟ್ಟಳು. ನಾನು ಎದ್ದು ಅಪ್ಪನ ಎದುರು ನೆಟ್ಟಗೆ ನಿಂತೆ. ಆ ಮಕ್ಕಳು ಯಾರು, ಏನು ಕಲಿಯುತ್ತಿದ್ದಾರೆ, ಏನು ಬೇಕು ಎಂದು ಹೇಳಿ, "ಏನಾದ್ರೂ ಕೊಡಪ್ಪ" ಅಂದೆ. ಆಮೇಲೆ, ಮೇಡಂ ಕಲಿಸಿದಂತೆ, ಬಾಯಿ ಮುಚ್ಚಿದೆ. ಕೊಟ್ಟಿಗೆಯಲ್ಲಿ ಹಸು ಗಂಟೆ ಅಲ್ಲಾಡಿಸಿತು. ಅಪ್ಪ ತಮ್ಮ ಪಾದದ ಮಣ್ಣನ್ನೇ ನೋಡುತ್ತಾ ಕೂತಿದ್ದರು.

"ಒಂದ್ ಮೂಟೆ ಅರಿಶ್ನ ಕೊಡ್ತೀನಿ," ಅಂದರು ಕೊನೆಗೆ.

"ಗೋಣಿ ಗಟ್ಟಿದು ನೋಡಿ ಕಟ್ಸಿ. ಬಸ್ಸಲ್ಲಿ ಹಾಕ್ಕಂಡು ಹೋಗ್ಬೇಕು," ಅಂದರು ಮೇಡಂ, ಕಾಫಿಗೆ ಕೈ ಚಾಚುತ್ತಾ.

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಮೂಟೆಯನ್ನು ತಾವೇ ಮಂಡಿಗೆ ಸಾಗಿಸಿ, ಬಂದ ಹಣವನ್ನು ಗುಂಡ್ಲುಪೇಟೆಗೆ ತಂದುಕೊಟ್ಟು, ಮಕ್ಕಳ ಜೊತೆ ಅರ್ಧ ದಿನ ಕೂತು ಹೋದರು. ನಾನು ಹೋಗುವುದರ ಬಗ್ಗೆ ಮನೆಯಲ್ಲಿ ಮತ್ತೆ ಮಾತೇಳಲಿಲ್ಲ.

ಹೀಗೆ ಧೈರ್ಯ ಬರುತ್ತಿದ್ದ ಹೊತ್ತಿಗೆ ಕೇಂದ್ರದ ವ್ಯಾನು ಕೆಟ್ಟು ನಿಂತಿತು. ಹಿಂದೆಯೂ ಎಷ್ಟೋ ಸಲ ನಿಂತಿತ್ತು, ಈ ಸಲ ಗ್ಯಾರೇಜಿನವರೇ ಕೈ ಎತ್ತಿದರು. "ಗುಜರಿಗೆ ಹಾಕ್ಬುಡಿ ಮೇಡಂ." ಸಣ್ಣ ಮಕ್ಕಳನ್ನು ತಾಯಂದಿರು ಸೊಂಟದ ಮೇಲೆ ಹೊತ್ತು ಬಸ್ಸಿನಲ್ಲಿ ತಂದರು. ದೊಡ್ಡ ಮಕ್ಕಳು ಬರುವುದೇ ನಿಂತಿತು. ಅವರಲ್ಲಿ ಸಿಂಚನ ಒಬ್ಬಳು. ಹಂಗಳದ ಕಡೆಯ ಹಳ್ಳಿಯವಳು, ಹನ್ನೆರಡರ ಹುಡುಗಿ. ಬಲಗೈ ಒಂದು ಅವಳ ಮಾತು ಕೇಳುತ್ತಿತ್ತು. ಬಹಳ ಕಾಲದ ವ್ಯಾಯಾಮದಿಂದ ಅವಳು ಯಾರ ಆಸರೆಯೂ ಇಲ್ಲದೆ ನೆಟ್ಟಗೆ ಕೂರುವುದನ್ನು ಆಗತಾನೆ ಕಲಿತಿದ್ದಳು. ವ್ಯಾಯಾಮ ತಪ್ಪಿದರೆ ಸೊಂಟ ಮತ್ತೆ ಬಿಗಿದುಕೊಳ್ಳುತ್ತದೆ ಎಂದು ಫಿಸಿಯೋಥೆರಪಿಸ್ಟ್ ಎಚ್ಚರಿಸಿದ್ದರು. ಕೂಲಿಗೆ ಹೋಗುವ ತಾಯಿಗೆ ಅವಳನ್ನು ಹೊತ್ತು ಬಸ್ಸು ಹತ್ತಲಾಗುತ್ತಿರಲಿಲ್ಲ.

ನಾನು ಕಂಡ ಕಂಡವರಿಗೆಲ್ಲ ಬರೆದೆ. ಬಂಡೀಪುರದ ರಸ್ತೆಯ ರೆಸಾರ್ಟ್ ಮಾಲೀಕರೊಬ್ಬರು ಕರೆಸಿ ಮಾತಾಡಿದರು. ಹೊಸ ವ್ಯಾನನ್ನೇ ಕೊಡಿಸುತ್ತೇನೆ ಅಂದರು. ಒಂದೇ ಒಂದು ಷರತ್ತು. ತಮ್ಮ ಅತಿಥಿಗಳಿಗೆ ತೋರಿಸಲು ಚಿಕ್ಕದೊಂದು ವಿಡಿಯೋ ಆಗಬೇಕು. ಸ್ವಲ್ಪ ದೊಡ್ಡ ಹುಡುಗಿಯೊಬ್ಬಳು ನೆಲದ ಮೇಲೆ ತೆವಳಿಕೊಂಡು ಬರಬೇಕು, ತಾಯಿ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳಬೇಕು. ನನ್ನ ಕಣ್ಣ ಮುಂದೆ ಹೊಸ ವ್ಯಾನು ಬಂದು ನಿಂತಿತ್ತು. ಓಡಿಬಂದು, ಸಿಂಚನಳೇ ಆಗಬಹುದು ಎಂದು ಮೇಡಂಗೆ ಒಂದೇ ಉಸಿರಿಗೆ ಹೇಳಿದೆ.

ಅವರು ರೇಗಲಿಲ್ಲ. ಬಾಯಲ್ಲಿದ್ದ ಕಡ್ಲೆಪುರಿ ಅಗಿದು ನುಂಗಿದರು. "ವ್ಯಾನು ಅವರ್ದು. ಮುಖ ಸಿಂಚನಂದು. ಅವ್ಳನ್ನೇ ಕೇಳನ ನಡಿ."

ಆ ಸಂಜೆಯೇ ಅವಳ ಮನೆಗೆ ಹೋದೆವು. ಸಿಂಚನ ಗೋಡೆಯಿಂದ ದೂರಕ್ಕೆ, ನಡುಮನೆಯಲ್ಲಿ ಕೂತಿದ್ದಳು. ನಮಗೆ ತೋರಿಸುವುದಕ್ಕೇ ಹಾಗೆ ಕೂತಿದ್ದಳೆಂದು ಕಾಣುತ್ತದೆ. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳ ಮಾತು ಒಂದೊಂದೇ ಪದವಾಗಿ, ನಿಧಾನವಾಗಿ ಬರುತ್ತದೆ. ಕಾಯಬೇಕು.

"ನಾನು... ತೆವಳಲ್ಲ. ಈಗ... ಕೂತ್ಕೋತೀನಿ."

ಅವಳ ತಾಯಿ ಒಲೆಯ ಕಡೆ ಮುಖ ಮಾಡಿದ್ದವಳು ತಿರುಗಿದಳು. "ವ್ಯಾನು ಬೇಕು ಮೇಡಂ, ಸುಳ್ಳೇಳಕಿಲ್ಲ ನಾನು. ಮನೇಲೇ ಇದ್ರೆ ಕೂಸು ಹಾಳಾಯ್ತದೆ. ಆದ್ರೆ ಅವ್ಳೇ ಬ್ಯಾಡ ಅಂತಾವ್ಳಲ್ಲ, ನಾನೇನ್ ಮಾಡ್ಲಿ?"

"ಬ್ಯಾಡ ಅಂದ್ರೆ ಬ್ಯಾಡ," ಅಂದರು ಮೇಡಂ. "ವ್ಯಾನ್ ಯೋಚ್ನೆ ನಮ್ದು."

ಬೇಡ ಎನ್ನುವುದನ್ನೂ ಎದುರಿಗೆ ಹೋಗಿಯೇ ಹೇಳಬೇಕು ಎನ್ನುವುದು ಅವರ ಹಟ. ಫೋನಿನಲ್ಲಿ ಮುಗಿಸೋಣ ಎಂದರೆ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ರೆಸಾರ್ಟಿಗೆ ಹೋಗಿ, ನಾನೇ ಹೇಳಿದೆ: "ಸರ್, ಆ ಹುಡುಗಿ ಈಗ ಕೂತುಕೊಳ್ಳುತ್ತಾಳೆ. ಅದನ್ನು ಬೇಕಾದರೆ ತೆಗೆಯಿರಿ. ತೆವಳುವುದನ್ನು ತೆಗೆಯಲು ಬಿಡುವುದಿಲ್ಲ." ಕೂತಿರುವುದನ್ನು ನೋಡಿದರೆ ಜನರ ಮನಸ್ಸು ಕರಗುವುದಿಲ್ಲ ಅಂದರು ಅವರು. ಕೆಟ್ಟವರೇನಲ್ಲ, ಕಾಫಿ ಕೊಟ್ಟು, ಹೆದ್ದಾರಿಯವರೆಗೆ ತಮ್ಮ ಜೀಪಿನಲ್ಲೇ ಬಿಡಿಸಿದರು. ಜೀಪಿನಿಂದ ಇಳಿದ ಮೇಲೆ ಮೇಡಂ ನನ್ನ ಬೆನ್ನು ತಟ್ಟಿದರು. "ಚೆನ್ನಾಗೇಳ್ದೆ."

ಬಸ್ಸಿಗೆ ಕಾಯುತ್ತಾ ನಿಂತೆವು. ಹೂವಿನ ಕಾಲ. ರಸ್ತೆಯ ಎರಡೂ ಬದಿ ಚೆಂಡುಹೂವು, ಸೂರ್ಯಕಾಂತಿ. ಕೇರಳದ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಒಂದು ಹೊಲದ ಬಾಯಿಗೆ ಹಗ್ಗ ಕಟ್ಟಿ, ಒಬ್ಬ ಹುಡುಗ ತಲೆಗಿಷ್ಟು ಅಂತ ಹಣ ತೆಗೆದುಕೊಂಡು ಜನರನ್ನು ಫೋಟೋಕ್ಕೆ ಒಳಗೆ ಬಿಡುತ್ತಿದ್ದ. ಒಬ್ಬ ತಾಯಿ ಗಂಡ, ಮಕ್ಕಳನ್ನು ಹೂವಿನ ನಡುವೆ ನಿಲ್ಲಿಸಿ, ತಾನೂ ಫೋಟೋದಲ್ಲಿ ಬರಲು ಫೋನು ಹಿಡಿಯುವವರಿಲ್ಲದೆ ಸುತ್ತ ಹುಡುಕುತ್ತಿದ್ದಳು.

"ಮೇಡಂ," ಅಂದೆ, "ಸಿಂಚನಾಗೆ ಬಲಗೈ ಚೆನ್ನಾಗಿದೆ. ಅವಳೇ ಇವರ ಫೋಟೋ ತೆಗೆದರೆ?"

ಮೇಡಂ ನನ್ನನ್ನು ಹೊಗಳಲಿಲ್ಲ. ಹಗ್ಗವಿಲ್ಲದೆ ಬಿದ್ದಿದ್ದ ಪಕ್ಕದ ಸೂರ್ಯಕಾಂತಿ ಹೊಲ ನೋಡಿ, "ಇದ್ಯಾರ ಹೊಲ?" ಎಂದು ಕೇಳುತ್ತಲೇ ಬದುವಿನ ಮೇಲೆ ನಡೆಯತೊಡಗಿದರು. ನಾವು ಹತ್ತಬೇಕಿದ್ದ ಬಸ್ಸು ಹಿಂದೆ ಹೊರಟುಹೋಯಿತು.

ಹೊಲದ ಯಜಮಾನರು ವಯಸ್ಸಾದವರು. ಅವರ ಮಗಳು ಮೇಡಂ ಕೈಕೆಳಗೆ ಆಡಿದವಳಂತೆ. ಆದರೂ ಒಪ್ಪಲಿಲ್ಲ. "ಬೆಳೆ ತುಳ್ದಾಕ್ತಾರೆ ಮೇಡಂ. ಅದ್ಕೇ ಯಾರ್ಗೂ ಬುಟ್ಟಿಲ್ಲ ನಾನು. ಎಣ್ಣೆಗಾಕಿರ ಬೆಳೆ ಇದು."

"ಒಂದ್ ಗಿಡ ಬಿದ್ರೂ ಹೇಳಿ, ನಿಲ್ಲಿಸ್ಬುಡ್ತೀನಿ. ಗೆರೆ ಹಾಕ್ತೀನಿ ನಾನು."

"ಗೆರೆನಾ?"

"ಥ್ರೋಬಾಲ್ ಕೋರ್ಟಿಗೆ ಸುಣ್ಣದಲ್ಲಿ ಹಾಕಲ್ವಾ, ಹಂಗೆ."

ಒಂದು ವಾರ ನೋಡೋಣ ಎಂದು ಯಜಮಾನರು ಒಪ್ಪಿದರು. ಮುಂದಿನ ಭಾನುವಾರ ಬೆಳಿಗ್ಗೆ ಮೇಡಂ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಕೆಟ್ಟಿನಿಂದ ಸುಣ್ಣದ ಪುಡಿ ಸುರಿಯುತ್ತಾ ಹೊಲದ ಅಂಚಿನ ಖಾಲಿ ಜಾಗದಲ್ಲಿ ಗೆರೆ ಎಳೆದರು. ಜನ ನಿಲ್ಲುವ ಚೌಕ, ಸರದಿಯ ಗೆರೆ, ಸಿಂಚನಳ ಕುರ್ಚಿ ಇಡುವ ಜಾಗ. ಅವಳು ಕೇಳಿದೊಡನೆ ಒಪ್ಪಿದ್ದಳು; ಭಾನುವಾರಕ್ಕೆಂದು ಬಾಡಿಗೆ ಆಟೋ ಮಾಡಿ ಕರೆತಂದಿದ್ದೆವು. ಫಿಸಿಯೋಥೆರಪಿಸ್ಟ್ ಅವಳ ಗಾಲಿಕುರ್ಚಿಯ ತೋಳಿಗೆ ಫೋನಿನ ಸ್ಟ್ಯಾಂಡು ಬಿಗಿದಿದ್ದರು. ಬಂದವರು ಹಣ ಕೊಟ್ಟು ತಮ್ಮ ಫೋನನ್ನು ಅದಕ್ಕೆ ಸಿಕ್ಕಿಸಬೇಕು, ಅವಳು ಹೆಬ್ಬೆರಳಿನಿಂದ ಒತ್ತಬೇಕು. ತಾಯಂದಿರು ಸರದಿ ನೋಡಿಕೊಂಡರು. ನಾನು ರಸ್ತೆಯ ಅಂಚಿನಲ್ಲಿ ನಿಂತು, ಇದು ಯಾರ ಕೇಂದ್ರ, ಯಾತಕ್ಕೆ ಈ ಹಣ ಎಂದು ಬಂದ ಕಾರಿನವರಿಗೆಲ್ಲ ಹೇಳಿದೆ. ತೆಂಗಿನ ಮರದ ಬುಡದಿಂದ ಕೂಗಿದ್ದು ಅಲ್ಲಿ ಕೆಲಸಕ್ಕೆ ಬಂತು. ಯಾರದಾದರೂ ಕಾಲು ಗೆರೆ ದಾಟಿದರೆ ಮೇಡಂ ವಿಷಲ್ ಊದುತ್ತಿದ್ದರು. ಲಾರಿಯವರು ಕೂಡ ಬೆಚ್ಚಿ ನೋಡುತ್ತಿದ್ದರು. "ಚೇಟ್ಟಾ, ಲೈನ್! ಲೈನ್!" ಅಣ್ಣ ಎನ್ನುವ ಆ 'ಚೇಟ್ಟಾ' ಒಂದೇ ಅವರಿಗೆ ಬರುತ್ತಿದ್ದ ಮಲಯಾಳ. ಅದರಲ್ಲೇ ಎಲ್ಲರನ್ನೂ ಆಳಿದರು.

ವಯನಾಡಿನ ಕಡೆಯವರೊಬ್ಬರು ಸಿಂಚನಳನ್ನು ನೋಡಿ "ಪಾವಂ" ಎಂದು ಮಲಯಾಳದಲ್ಲಿ ಪಾಪ ಅನ್ನುತ್ತಾ ಅವಳ ಮಡಿಲಿಗೆ ನೋಟೊಂದನ್ನು ಹಾಕಿ ಹೊರಡಲು ತಿರುಗಿದರು. ಮೇಡಂ ಬಾಯಿಗೆ ವಿಷಲ್ ಇಟ್ಟರು. ಅಷ್ಟರಲ್ಲಿ ಸಿಂಚನಳೇ ಕೈ ಎತ್ತಿದಳು.

"ಫೋಟೋ... ತೆಗಿಸ್ಕೊಳ್ಳಿ."

ಅವರಿಗೆ ಭಾಷೆ ತಿಳಿಯದಿದ್ದರೂ ಕೈ ತೋರಿಸಿದ್ದು ತಿಳಿಯಿತು. ಹೆಂಡತಿ ಮಕ್ಕಳೊಡನೆ ಚೌಕದಲ್ಲಿ ನಿಂತರು. ಸಿಂಚನ ಒತ್ತಿದಳು. ನೋಡಿದರೆ ಎತ್ತರದ ಆ ಮನುಷ್ಯನ ತಲೆಯೇ ಇಲ್ಲ. ಅವಳು ನಕ್ಕಳು, ಅವರ ಮಕ್ಕಳು ನಕ್ಕರು, ಕೊನೆಗೆ ಅವರೂ ನಕ್ಕು ಮಂಡಿ ಬಗ್ಗಿಸಿ ಕೂತು ಇನ್ನೊಂದು ತೆಗೆಸಿಕೊಂಡರು. ಆ ಎರಡನೆಯ ಫೋಟೋ ಅವರು ಎಲ್ಲೆಲ್ಲಿ ಹಾಕಿದರೋ, ಮುಂದಿನ ವಾರ ವಯನಾಡಿನ ಕಲ್ಪೆಟ್ಟದಿಂದ ಅದನ್ನೇ ನೋಡಿಕೊಂಡು ಜನ ಬಂದರು.

ಒಂದು ಭಾನುವಾರ ಇಡೀ ದಿನ ಮಳೆ ಹುಯ್ದು ಗೆರೆಗಳೆಲ್ಲ ಕೊಚ್ಚಿಹೋದವು. ಟಾರ್ಪಾಲಿನ ಕೆಳಗೆ ಮಕ್ಕಳು, ತಾಯಂದಿರು, ಹೊಲದ ಯಜಮಾನರು ಎಲ್ಲ ಒತ್ತಿ ಕೂತು ಚಿತ್ರಾನ್ನ ತಿಂದೆವು. ಗಳಿಕೆ ಏನೂ ಇರಲಿಲ್ಲ. ಆದರೆ ಯಜಮಾನರು ಹೊರಡುವಾಗ, "ಹೂವು ಒಣಗೋಗಂಟ ನೀವೇ ಮಾಡ್ಕಳಿ" ಎಂದು ಹೇಳಿಹೋದರು.

ಹೂವು ಮುಗಿಯುವ ಹೊತ್ತಿಗೆ ಹೊಸ ವ್ಯಾನಿನಷ್ಟು ಹಣವೇನೂ ಆಗಲಿಲ್ಲ. ನಾವು ಆ ಫೋಟೋಗಳನ್ನು ಹಿಡಿದು ಮತ್ತೆ ಚಾಮರಾಜನಗರದ ಮಂಡಿಗಳನ್ನು ಹತ್ತಿದೆವು. ಈ ಸಲ ಮೇಡಂ ಹೊರಗೆ ಬೆಂಚಿನ ಮೇಲೆ ಕೂತು ನನ್ನನ್ನೇ ಒಳಗೆ ಕಳಿಸುತ್ತಿದ್ದರು. ಕೊನೆಗೆ ಬಂದದ್ದು ಒಂದು ಹಳೆಯ ವ್ಯಾನು. ಬಣ್ಣ ಗಾಢ ನೇರಳೆ. ಯಾವುದೋ ಮದುವೆ ವಾದ್ಯದವರದ್ದಂತೆ. ಮೊದಲ ಬೆಳಿಗ್ಗೆ ಸಿಂಚನಳ ಹಳ್ಳಿಯಲ್ಲಿ ವ್ಯಾನು ನಿಂತಾಗ ಅವಳ ತಾಯಿ ಸುತ್ತ ಒಂದು ಪ್ರದಕ್ಷಿಣೆ ಬಂದು, "ಎಂಥ ಬಣ್ಣ ಮೇಡಂ ಇದು!" ಅಂದಳು. "ಬಣ್ಣ ನೋಡ್ಬ್ಯಾಡ, ಕೂಸ್ನ ಹತ್ಸು" ಅಂದರು ಮೇಡಂ. ಸಿಂಚನಳ ಸೊಂಟ ಆಗಲೇ ಸ್ವಲ್ಪ ಬಿಗಿದಿತ್ತು. ಮತ್ತೆ ಸಡಿಲಾಗಲು ಚಳಿಗಾಲವೆಲ್ಲ ಹಿಡಿಯಿತು. ಸಡಿಲಾಯಿತು.

ಓದು ಮುಗಿದ ಮೇಲೆ ನಾನು ಬೇರೆಲ್ಲಿಗೂ ಅರ್ಜಿ ಹಾಕಲಿಲ್ಲ. ಕೇಂದ್ರಕ್ಕೇ ಬಂದೆ. ಮೇಡಂ ಟ್ರಸ್ಟಿನವರ ಮುಂದೆ ಕೂತು ನನಗೆ ಸಂಬಳ ಗೊತ್ತುಮಾಡಿಸಿದರು. "ನಂಗೆ ಪಿಂಚಣಿ ಬರ್ತದೆ, ಬಿಟ್ಟಿ ಮಾಡ್ದೆ. ಇವ್ಳಿಗೇನ್ ಬರ್ತದೆ?" ಎಂದು ಅವರನ್ನು ಕೇಳಿದರು.

ಹೋದ ವರ್ಷ ಅವರಿಗೆ ಕಾಯಿಲೆಯಾಯಿತು. ಮೈಸೂರಿನ ಆಸ್ಪತ್ರೆಗೆ ನೋಡಲು ಹೋದಾಗ ಸಣ್ಣಗಾಗಿದ್ದರು. ಧ್ವನಿ ಮಾತ್ರ ಹಾಗೇ ಇತ್ತು, ವಾರ್ಡಿಗೆಲ್ಲ ಕೇಳುತ್ತಿತ್ತು. ತಮ್ಮ ವಿಷಯ ಮಾತಾಡಲು ಬಿಡಲಿಲ್ಲ. ಮಕ್ಕಳು ಹೆಚ್ಚಾಗಿದ್ದಾರೆ, ಫಿಸಿಯೋಥೆರಪಿಸ್ಟ್ ದಿನ ಬಿಟ್ಟು ದಿನ ಬಂದರೆ ಸಾಲದು, ದಿನವೂ ಬರಬೇಕು, ಅದಕ್ಕೇನು ಮಾಡುತ್ತೀ ಎಂದು ಕೇಳಿದರು. ನೋಡುತ್ತೇನೆ ಅಂದೆ. "ನೋಡ್ತಾ ಕುಂತ್ಕಬ್ಯಾಡ" ಅಂದರು. ಅದೇ ನಾನು ಕೇಳಿದ ಅವರ ಕೊನೆಯ ಮಾತು. ಕೆಲವೇ ದಿನಗಳಲ್ಲಿ ಹೋಗಿಬಿಟ್ಟರು.

ಕೇಂದ್ರದ ಅಂಗಳದಲ್ಲಿ ಶ್ರದ್ಧಾಂಜಲಿ ಸಭೆ ಸೇರಿತು. ಅವರ ಶಿಷ್ಯಂದಿರೇ ಅಂಗಳ ತುಂಬಿದ್ದರು: ಪೊಲೀಸಿನಲ್ಲಿರುವವರು, ಬ್ಯಾಂಕಿನವರು, ಹೊಲ ಮಾಡುವವರು, ಮಂಡಿಯವರು. ಒಬ್ಬೊಬ್ಬರಾಗಿ ಎದ್ದು ಮಾತಾಡಿ, ಕಣ್ಣೊರೆಸಿಕೊಂಡು ಕೂತರು. ನನ್ನ ಸರದಿ ಬಂತು. ಅವರು ನನಗೆ ಏನಾಗಿದ್ದರೆಂದು ನಾಲ್ಕು ಮಾತು ಹೇಳಿದೆ. ಆಮೇಲೆ, ದಿನವೂ ಫಿಸಿಯೋಥೆರಪಿ ನಡೆಯಬೇಕೆಂದು ಅವರಿಗೆ ಆಸೆಯಿತ್ತು, ಅದಕ್ಕೆ ವರ್ಷಕ್ಕೆ ಇಷ್ಟು ಬೇಕು, ಇಲ್ಲಿ ಕೂತಿರುವವರಲ್ಲಿ ಯಾರು ಯಾರು ಎಷ್ಟೆಷ್ಟು ಕೊಡುತ್ತೀರಿ ಎಂದು ನೇರವಾಗಿ ಕೇಳಿದೆ.

ಹಿಂದಿನ ಸಾಲಿನಿಂದ ಒಬ್ಬರು ಎದ್ದರು. "ಏನಮ್ಮ ನೀನು, ಸಾವಿನ ಸಭೇಲೂ ದುಡ್ಡು ಕೇಳದಾ?"

ಮೇಡಂ ಜೊತೆ ಕೆಲಸ ಮಾಡಿದ್ದ ಮುದುಕ ಕನ್ನಡ ಮೇಷ್ಟರೊಬ್ಬರು ಮುಂದಿನ ಕುರ್ಚಿಯಿಂದ ಏಳದೆಯೇ, ತಲೆಯನ್ನಷ್ಟೇ ಹಿಂದಕ್ಕೆ ತಿರುಗಿಸಿದರು.

"ಇಷ್ಟೊತ್ಗೆ ಅವ್ಳೇ ಇದ್ದಿದ್ರೆ ಆಗ್ಲೇ ಕೇಳಿರೋಳು ಕಣಪ್ಪ. ನೀನೆಷ್ಟು ಕೊಡ್ತೀಯ, ಅದೇಳು."

ಕಣ್ಣೊರೆಸಿಕೊಳ್ಳುತ್ತಿದ್ದ ಅಷ್ಟೂ ಜನ ನಕ್ಕರು. ಎದ್ದು ನಿಂತಿದ್ದವರೂ ನಕ್ಕು, ನಿಂತಲ್ಲಿಂದಲೇ ತಮ್ಮ ಹೆಸರು ಬರೆಸಿದರು. ಈಗ ನಮ್ಮ ಕೇಂದ್ರದಲ್ಲಿ ಫಿಸಿಯೋಥೆರಪಿ ದಿನವೂ ನಡೆಯುತ್ತದೆ.